ಕಡಲ ಬದಿಯ ಬಹುಮಹಡಿ ಯೋಜನೆಗೆ ಆಕ್ಷೇಪಣೆ ಬರೆಯುವ ಬಗೆ

ಸುರತ್ಕಲ್, ತಣ್ಣೀರುಬಾವಿ, ಉಳ್ಳಾಲ, ಸೋಮೇಶ್ವರದಂತಹ ಮಂಗಳೂರಿನ ಕಡಲ ಬದಿಯ ಪ್ರದೇಶಗಳಲ್ಲಿ ಹಂಚಿನ ಮನೆಯೂ ತೆಂಗಿನ ತೋಟವೂ ಇದ್ದ ಜಾಗವೊಂದು ಮಾರಾಟವಾಯಿತೆಂದರೆ, ಸ್ವಲ್ಪ ದಿನಗಳಲ್ಲೇ ಅದರ ಸುತ್ತ ತಗಡಿನ ಬೇಲಿ ಏಳುತ್ತದೆ, ಬೇಲಿಯ ಮೇಲೆ ಬಹುಮಹಡಿ ಕಟ್ಟಡದ ಬಣ್ಣದ ಚಿತ್ರ ಕಾಣಿಸುತ್ತದೆ. ಅಕ್ಕಪಕ್ಕದವರು ಸೇರಿ ಮನವಿ ಬರೆಯುತ್ತಾರೆ, ನೂರಾರು ಸಹಿ ಬೀಳುತ್ತವೆ, ಮನವಿ ಕಡತ ಸೇರುತ್ತದೆ, ಕಟ್ಟಡ ಏಳುತ್ತದೆ. ನಾನು ಮೊದಲ ಸಲ ಸಹಿ ಹಾಕಿದ ಅಂತಹ ಮನವಿಯಲ್ಲಿ ಗಾಳಿ, ಬೆಳಕು, ಊರಿನ ನೆಮ್ಮದಿಗಳ ಬಗ್ಗೆ ಎರಡು ಪುಟಗಳಿದ್ದವು, ಸರ್ವೆ ನಂಬರ್ ಮಾತ್ರ ಇರಲಿಲ್ಲ. ಓದಿದ ಅಧಿಕಾರಿ ಯಾವ ಕಡತವನ್ನು ತೆರೆಯಬೇಕಿತ್ತು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ.

ಆದ್ದರಿಂದ ಸರ್ವೆ ನಂಬರಿನಿಂದಲೇ ಆರಂಭಿಸಬೇಕು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಆ ಜಾಗದ ಬಳಿ ನಿಂತರೆ ನಂಬರ್ ಸಿಗುತ್ತದೆ. ನಂಬರ್ ಸಿಕ್ಕರೆ ಪಹಣಿ ಸಿಗುತ್ತದೆ, ಭೂ ಪರಿವರ್ತನೆ ಆಗಿದೆಯೇ, ಯಾವ ಉದ್ದೇಶಕ್ಕೆ ಆಗಿದೆ ಎಂಬುದು ತಿಳಿಯುತ್ತದೆ. ಬಳಿಕ ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಜಾಗ ವಸತಿ ವಲಯದಲ್ಲಿದೆಯೋ ಬೇರೆ ವಲಯದಲ್ಲಿದೆಯೋ ನೋಡಬೇಕು. ಭೂ ಉಪಯೋಗ ಬದಲಾವಣೆಯ ಪ್ರಸ್ತಾವವಿದ್ದರೆ ಅದು ನಿವಾಸಿಗಳಿಗೆ ಸಿಗುವ ಬಹಳ ಒಳ್ಳೆಯ ಅವಕಾಶ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನ ಪ್ರಕಾರ ಅಂತಹ ಪ್ರಸ್ತಾವವನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನಗಳ ಅವಧಿ ಕೊಟ್ಟು ಸಾರ್ವಜನಿಕರ ಆಕ್ಷೇಪಣೆಯನ್ನು ಕೇಳಲೇಬೇಕು. ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಬೀದಿಯಲ್ಲೊಬ್ಬರು ಅದನ್ನು ನೋಡುವ ಹೊಣೆ ಹೊರಬೇಕು, ಏಕೆಂದರೆ ಮನೆಬಾಗಿಲಿಗೆ ನೋಟಿಸು ಬರುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಕಟ್ಟಡದ ನಕ್ಷೆ ಪಡೆಯಲು ಎರಡು ದಾರಿಗಳಿವೆ. ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದು ಫ್ಲ್ಯಾಟುಗಳೂ ಎಂಟಕ್ಕಿಂತ ಹೆಚ್ಚಿದ್ದರೆ ಯೋಜನೆಯನ್ನು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿಸದೆ ಮಾರುವಂತಿಲ್ಲ, ಮಂಜೂರಾದ ನಕ್ಷೆ ರೇರಾ ಜಾಲತಾಣದಲ್ಲೇ ಇರುತ್ತದೆ. ಅದಕ್ಕೂ ಮೊದಲಿನ ಹಂತವಾದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಹಾಗಾಗಿ ಪರವಾನಗಿಯ ಕಡತಕ್ಕೆ ಒಂದು, ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅನುಮತಿಗೆ ಇನ್ನೊಂದು, ನೀರು-ಒಳಚರಂಡಿಗೆ ಮತ್ತೊಂದು ಎಂದು ಬೇರೆ ಬೇರೆ ಅರ್ಜಿ ಹಾಕುವುದು ಲೇಸು. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಬೇಕು.

ನಕ್ಷೆ ಕೈಗೆ ಬಂದ ಮೇಲೆ ಎಫ್‌ಎಆರ್ ಲೆಕ್ಕ ಹಾಕಬೇಕು. ಎಲ್ಲ ಮಹಡಿಗಳ ವಿಸ್ತೀರ್ಣವನ್ನು ಕೂಡಿಸಿ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಫ್‌ಎಆರ್. ನಮಗೆ ಪರಿಚಯವಿರುವ ಅಳತೆಯಲ್ಲಿ ಹೇಳುವುದಾದರೆ, 40 ಸೆಂಟ್ಸ್ ಜಾಗಕ್ಕೆ 2.5 ಎಫ್‌ಎಆರ್ ಕೊಟ್ಟರೆ ಅದರ ಮೇಲೆ 100 ಸೆಂಟ್ಸ್, ಅಂದರೆ ಒಂದು ಎಕರೆ ನೆಲ ಏಳುತ್ತದೆ. ವಲಯ ನಿಯಮಗಳು ಈ ಸಂಖ್ಯೆಯನ್ನು ಜಾಗದ ಅಳತೆಗೂ ಎದುರಿನ ರಸ್ತೆಯ ಅಗಲಕ್ಕೂ ಕಟ್ಟಿಹಾಕಿರುತ್ತವೆ. ಆದ್ದರಿಂದ ಟೇಪು ಹಿಡಿದು ರಸ್ತೆ ಅಳೆಯಿರಿ. ಜಾಗದ ಎದುರು ಮಾತ್ರವಲ್ಲ, ಮುಖ್ಯರಸ್ತೆಯಿಂದ ಅಲ್ಲಿಯವರೆಗಿನ ಅತ್ಯಂತ ಇಕ್ಕಟ್ಟಾದ ತಿರುವಿನಲ್ಲೂ ಅಳೆದು, ಟೇಪು ಕಾಣುವಂತೆ ಫೋಟೋ ತೆಗೆದಿಡಿ. ನಕ್ಷೆಯಲ್ಲಿ ತೋರಿಸಿದ ಅಗಲ ಇಂದಿನ ರಸ್ತೆಯದೋ, ಮಹಾಯೋಜನೆಯಲ್ಲಿ ಮುಂದೆಂದೋ ಆಗಬೇಕಾದ ರಸ್ತೆಯದೋ ಎಂಬ ಒಂದೇ ಪ್ರಶ್ನೆಗೆ ಲಿಖಿತ ಉತ್ತರ ಕೇಳಿದರೆ ಎಷ್ಟೋ ವಿಷಯ ಹೊರಬರುತ್ತದೆ.

ಕಡಲಿಗೆ ಸಂಬಂಧಿಸಿದ ನಿಯಮವನ್ನು ಇನ್ನಷ್ಟು ಎಚ್ಚರದಿಂದ ಓದಬೇಕು, ಏಕೆಂದರೆ ನಿವಾಸಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ‘ಕಡಲಿನಿಂದ 500 ಮೀಟರ್ ಒಳಗೆ ಕಟ್ಟುವಂತಿಲ್ಲ’ ಎಂದು ಮನವಿಗಳಲ್ಲಿ ಬರೆಯುವುದುಂಟು. ಅದು ತಪ್ಪು, ಆ ಒಂದು ವಾಕ್ಯದಿಂದ ಉಳಿದ ವಾದವೂ ಹಗುರವಾಗುತ್ತದೆ. 2019ರ ಜನವರಿಯ ಸಿಆರ್‌ಝಡ್ ಅಧಿಸೂಚನೆಯಂತೆ ಉಬ್ಬರದ ಗೆರೆಯಿಂದ 500 ಮೀಟರ್ ತನಕದ ಭೂಮಿ ನಿಯಂತ್ರಣಕ್ಕೆ ಒಳಪಡುತ್ತದೆ, ಪೂರ್ತಿ ನಿಷೇಧಕ್ಕಲ್ಲ. ನಗರದ ಮಿತಿಯೊಳಗೆ ಈಗಾಗಲೇ ಬೆಳೆದ ಎರಡನೇ ವರ್ಗದ ಪ್ರದೇಶದಲ್ಲಿ, ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಸಾಲಿನಿಂದ ಭೂಮಿಯ ಕಡೆಗೆ ಕಟ್ಟಬಹುದು; ಕಡಲ ಕಡೆಗೆ ಹೊಸದಾಗಿ ರಸ್ತೆ ಮಾಡಿಕೊಂಡು ಅದರ ನೆಪದಲ್ಲಿ ಕಟ್ಟಲಾಗದು. ಗ್ರಾಮೀಣ ಸ್ವರೂಪದ ಮೂರನೇ ವರ್ಗದಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ ನಿರ್ಮಾಣವಿಲ್ಲದ ಪಟ್ಟಿ 50 ಮೀಟರ್, ಉಳಿದೆಡೆ 200 ಮೀಟರ್. 2011ರ ಅಧಿಸೂಚನೆ ಎರಡನೇ ವರ್ಗದಲ್ಲಿ ಎಫ್‌ಎಆರನ್ನು 1991ರ ಮಟ್ಟಕ್ಕೆ ಸ್ಥಗಿತಗೊಳಿಸಿತ್ತು, 2019ರದು ಅದನ್ನು ಸಡಿಲಿಸಿತು. ಕಡಲ ಬದಿಯಲ್ಲಿ ಎತ್ತರದ ಕಟ್ಟಡಗಳಿಗೆ ದಾರಿಯಾದದ್ದು ಬಹುಮಟ್ಟಿಗೆ ಹೀಗೆ.

ನೇತ್ರಾವತಿ, ಫಲ್ಗುಣಿ, ಪಾವಂಜೆಯ ನಂದಿನಿಯಂತಹ ನದಿಗಳಲ್ಲಿ ಉಬ್ಬರದ ನೀರು ಒಳಗೆ ಹತ್ತುವಷ್ಟು ದೂರವೂ ಇದೇ ನಿಯಮ ಬರುತ್ತದೆ: ದಂಡೆಯಿಂದ 50 ಮೀಟರ್ ಅಥವಾ ಹರಿವಿನ ಅಗಲ, ಇವೆರಡರಲ್ಲಿ ಕಡಿಮೆಯಾದದ್ದು. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾವನವಿದ್ದರೆ (ಮ್ಯಾಂಗ್ರೋವ್) ಅದರ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಇರಬೇಕು. ಆ ಸರ್ವೆ ನಂಬರ್ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕಾಶೆಯಲ್ಲಿ ನೋಡಿ, ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಿಂದ ಬರಹದಲ್ಲಿ ಪಡೆದುಕೊಳ್ಳಬೇಕು.

ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, ಆಗ ಮಾತನಾಡೋಣ ಎಂದು ಕಾಯುವವರೂ ಇದ್ದಾರೆ. ಅದು ನಡೆಯುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಅಥವಾ ಹೆಚ್ಚಿನ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕಾದರೂ, ಕಟ್ಟಡ ಯೋಜನೆಗಳಿಗೆ ಅಹವಾಲಿನಿಂದ ವಿನಾಯಿತಿ ಇದೆ. ವಿಸ್ತೀರ್ಣ 20,000ಕ್ಕೆ ಕೂದಲೆಳೆಯಷ್ಟು ಕೆಳಗೆ ನಿಂತಿದ್ದರೆ ನೀವೇ ಕೂಡಿಸಿ ನೋಡಿ. ನೆಲಮಾಳಿಗೆಯೂ ಸೇವಾ ಜಾಗಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಪರಿಸರ ಅನುಮತಿ ಕೊಟ್ಟದ್ದು ತಪ್ಪೆನಿಸಿದರೆ ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ 30 ದಿನಗಳೊಳಗೆ ಮೇಲ್ಮನವಿ ಹೋಗಬೇಕು. ತಕ್ಕ ಕಾರಣವಿದ್ದರೆ ಇನ್ನೂ 60 ದಿನಗಳವರೆಗೆ ವಿಳಂಬವನ್ನು ಮನ್ನಿಸಬಹುದು, ಅದರಾಚೆಗೆ ಇಲ್ಲ.

ಇನ್ನು ನೀರಿನ ವಿಚಾರ. 200 ಫ್ಲ್ಯಾಟು, ಮನೆಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ದಿನಕ್ಕೆ 1,08,000 ಲೀಟರ್, ಅಂದರೆ 12,000 ಲೀಟರಿನ ಒಂಬತ್ತು ಟ್ಯಾಂಕರ್. ಮಂಗಳೂರಿಗೆ ನೀರು ಬರುವುದು ತುಂಬೆ ಅಣೆಕಟ್ಟಿನಿಂದ; 2019ರ ಬೇಸಿಗೆಯಲ್ಲಿ ಅಲ್ಲಿ ಮಟ್ಟ ಇಳಿದಾಗ ಪಾಳಿಯ ಮೇಲೆ ನೀರು ಬಿಟ್ಟದ್ದನ್ನು ಯಾರೂ ಮರೆತಿಲ್ಲ. ಹೊಸ ಕಟ್ಟಡ ಕೊಳವೆಬಾವಿಯನ್ನು ನೆಚ್ಚಿಕೊಂಡಿದ್ದರೆ ಸುತ್ತಲಿನ ಬಾವಿಗಳಿಗೆ ಉಪ್ಪು ಹತ್ತುವ ಭಯ ನಿಜವಾದದ್ದೇ, ಆದರೆ ಭಯವನ್ನು ಬರೆದರೆ ಸಾಲದು. ಮೇ ತಿಂಗಳಲ್ಲಿ ನಾಲ್ಕೈದು ಮನೆಗಳ ಬಾವಿಯ ನೀರಿನ ಮಟ್ಟ ಅಳೆದು, ಪ್ರಯೋಗಾಲಯದಲ್ಲಿ ಕ್ಲೋರೈಡ್ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಪ್ರಮಾಣ ಲೀಟರಿಗೆ 250 ಮಿಲಿಗ್ರಾಂ. ಕಾಮಗಾರಿಗೆ ಮುಂಚಿನ ಈ ಅಂಕಿ ಕೈಯಲ್ಲಿಲ್ಲದಿದ್ದರೆ ಮುಂದೆ ಉಪ್ಪಾಯಿತೆಂದು ಯಾರಿಗೂ ತೋರಿಸಲಾಗದು. ಮಳೆನೀರಿನ ತೋಡು ಜಾಗದ ಯಾವ ಬದಿಯಲ್ಲಿ ಹರಿಯುತ್ತಿತ್ತು, ಈಗ ಅದರ ಮೇಲೆ ಮಣ್ಣು ಬಿದ್ದಿದೆಯೇ ಎಂಬುದನ್ನು ಜುಲೈ ಮಳೆಯಲ್ಲಿ ಫೋಟೋ ತೆಗೆದಿಡಿ.

ಆಕ್ಷೇಪಣೆ ಎರಡು ಪುಟ ಮೀರದಿರಲಿ: ಸರ್ವೆ ನಂಬರ್, ಕಡತ ಸಂಖ್ಯೆ, ನಿಯಮ, ನಿಮ್ಮ ಅಳತೆ, ಕೇಳುವ ಕ್ರಮ. ಹತ್ತು ದೂರುಗಳಿಗಿಂತ ಸಾಕ್ಷ್ಯವಿರುವ ಮೂರು ಸಾಕು. ಬರಲಿರುವ ಜನರ ಬಗ್ಗೆ ಒಂದು ಮಾತೂ ಬೇಡ; ಊರಿಗೆ ಮನೆಗಳು ಬೇಕು, ಬಾಡಿಗೆಗೆ ಜಾಗ ಸಿಗದವರು ನಮ್ಮವರಲ್ಲೂ ಇದ್ದಾರೆ, ಫ್ಲ್ಯಾಟಿನವರು ಬಂದರೆ ವಾತಾವರಣ ಕೆಡುತ್ತದೆ ಎಂಬ ವಾಕ್ಯ ಕಾನೂನಿಗೂ ನಿಲ್ಲುವುದಿಲ್ಲ, ಮರ್ಯಾದೆಗೂ ನಿಲ್ಲುವುದಿಲ್ಲ. ಮಹಡಿ ಕಡಿಮೆ ಮಾಡಿ, ರಸ್ತೆ ಅಗಲವಾದ ಮೇಲೆ ಕಟ್ಟಿ, ತೋಡು ಬಿಟ್ಟು ಕಟ್ಟಿ ಎಂದು ನಿಖರವಾಗಿ ಕೇಳಿ. ಪಾಲಿಕೆ ಆಯುಕ್ತರು, ನಗರಾಭಿವೃದ್ಧಿ ಪ್ರಾಧಿಕಾರ, ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಮೂವರಿಗೂ ಪ್ರತಿ ಕೊಟ್ಟು, ಟಪಾಲು ವಿಭಾಗದಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಇದೆಲ್ಲ ಪಾಯ ತೋಡುವ ಮೊದಲೇ ಆಗಬೇಕು. ಕೊಚ್ಚಿಯ ಮರಡಿನಲ್ಲಿ 2006ರಲ್ಲಿ ಪಂಚಾಯಿತಿ ಪರವಾನಗಿ ಕೊಟ್ಟ ನಾಲ್ಕು ವಸತಿ ಸಮುಚ್ಚಯಗಳು ಸಿಆರ್‌ಝಡ್ ಉಲ್ಲಂಘಿಸಿವೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2019ರ ಮೇ ತಿಂಗಳಲ್ಲಿ. 2020ರ ಜನವರಿ 11 ಮತ್ತು 12ರಂದು ಅವನ್ನು ಸ್ಫೋಟಿಸಿ ಕೆಡವಲಾಯಿತು. ಮನೆ ಕಳೆದುಕೊಂಡವರಲ್ಲಿ ಸಾಲ ಮಾಡಿ ಕೊಂಡವರೂ ಇದ್ದರು. ಪರವಾನಗಿ ಈಗಾಗಲೇ ಸಿಕ್ಕಿದ್ದರೆ, ಅಡಿಪಾಯದ ಹಂತದಲ್ಲೇ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ತೆರೆದ ಜಾಗ) ಅಳೆದು ನಕ್ಷೆಯೊಂದಿಗೆ ಹೋಲಿಸಿ ದೂರು ಕೊಡಿ. ಅದೂ ಮೀರಿದ್ದರೆ, ವಾಸಯೋಗ್ಯ ಪ್ರಮಾಣಪತ್ರ ಕೊಡುವ ಮುನ್ನ ಕೊಳಚೆ ಶುದ್ಧೀಕರಣ ಘಟಕ ನಡೆಯುತ್ತಿದೆಯೇ, ಅಗ್ನಿಶಾಮಕ ವಾಹನ ಒಳಗೆ ತಿರುಗಬಲ್ಲದೇ ಎಂದು ಸ್ಥಳ ತನಿಖೆಗೆ ಲಿಖಿತವಾಗಿ ಒತ್ತಾಯಿಸಿ, ತನಿಖಾ ವರದಿಯ ಪ್ರತಿಗೆ ಅಂದೇ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿಬಿಡಿ.