ಟೂರ್ ಡಿ ಫ್ರಾನ್ಸ್ ನೋಡಲು ಹೊರಟಿದ್ದೀರಾ? ಮೊದಲು ಒಂದು ಬೆಟ್ಟ ಆರಿಸಿಕೊಳ್ಳಿ

ನನ್ನ ಗೆಳೆಯರಿಬ್ಬರು ಕೆಲವು ವರ್ಷಗಳ ಹಿಂದೆ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು ನೋಡಲು ಬೆಂಗಳೂರಿನಿಂದ ಹೋಗಿದ್ದರು. ಬಾಡಿಗೆ ಕಾರು ತಗೊಂಡು ಒಂದು ವಾರದಲ್ಲಿ ಐದು ಸ್ಟೇಜ್, ಅಂದರೆ ಐದು ದಿನದ ಓಟ, ನೋಡುವುದು ಅವರ ಪ್ಲ್ಯಾನು. ಮೊದಲ ದಿನ ಬಯಲಿನ ಯಾವುದೋ ಹಳ್ಳಿಯಲ್ಲಿ ನಾಲ್ಕು ಗಂಟೆ ಬಿಸಿಲಲ್ಲಿ ಕಾದರು. ಒಬ್ಬ ಮೊಬೈಲು ಹೊರಗೆ ತೆಗೆಯುವಷ್ಟರಲ್ಲಿ ರೇಸು ಮುಂದಿನ ಊರಿಗೆ ಹೋಗಿತ್ತು. ಇನ್ನೊಬ್ಬ ನೋಡಿದ, ಆದರೆ ಏನು ನೋಡಿದೆ ಎಂದು ಅವನಿಗೆ ಈಗಲೂ ಗೊತ್ತಿಲ್ಲ. ಉಳಿದ ನಾಲ್ಕು ದಿನದಲ್ಲಿ ಎರಡು ದಿನ ಟ್ರಾಫಿಕ್ಕಿನಲ್ಲೇ ಕಳೆಯಿತು.

ತಪ್ಪು ಅವರದ್ದೇ ಅಂತಲೂ ಹೇಳಲಾಗದು. ಟಿವಿಯಲ್ಲಿ ದಿನಕ್ಕೆ ಐದು ಗಂಟೆ ತೋರಿಸುವ ರೇಸು, ಒಂದೇ ಕಡೆ ನಿಂತವನಿಗೆ ಎಷ್ಟು ಹೊತ್ತು ಕಾಣುತ್ತದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಸವಾರರು ಒತ್ತಿಕೊಂಡು ಗಂಟೆಗೆ 45 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೋಗುತ್ತಾರೆ. ನಿಮಗೆ ಸಿಗುವುದು ಅರ್ಧ ನಿಮಿಷ. ಅದೇ ರೇಸಿನ ಕೊನೆಗೆ ದೊಡ್ಡ ಏರು ಇದ್ದರೆ ಗುಂಪು ಒಡೆದು ಚೂರಾಗುತ್ತದೆ. ಮೊದಲ ಸವಾರನಿಗೂ ಕೊನೆಯವನಿಗೂ ಅರ್ಧ ಗಂಟೆ ಅಂತರ ಬೀಳಬಹುದು. ಒಬ್ಬೊಬ್ಬರ ಮುಖ, ಬೆವರು, ಏದುಸಿರು ಎಲ್ಲ ಎರಡು ಅಡಿ ದೂರದಲ್ಲಿ. ಅದಕ್ಕೇ ನಾನು ಯಾರೇ ಕೇಳಿದರೂ ಹೇಳುವುದು ಒಂದೇ: ಒಂದು ಬೆಟ್ಟ ಆರಿಸಿ, ಅಲ್ಲೇ ಬೀಡು ಬಿಡಿ. ರೇಸಿನ ಹಿಂದೆ ಓಡಬೇಡಿ.

ಹಂತ 1: ಅಕ್ಟೋಬರ್‌ನಲ್ಲಿ ಮಾರ್ಗ ನೋಡಿ

ಮುಂದಿನ ಜುಲೈನ ಮಾರ್ಗವನ್ನು ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ ಪ್ಯಾರಿಸ್‌ನಲ್ಲಿ ಪ್ರಕಟಿಸುತ್ತಾರೆ. ಒಟ್ಟು 21 ಸ್ಟೇಜ್, ನಡುವೆ ಎರಡು ದಿನ ವಿಶ್ರಾಂತಿ. ಪಟ್ಟಿ ಬಂದ ದಿನವೇ ಬೆಟ್ಟದ ತುದಿಯಲ್ಲಿ ಮುಗಿಯುವ ಸ್ಟೇಜ್‌ಗಳಿಗೆ ಗುರುತು ಹಾಕಿ. ಆಲ್ಪ್ ದ್ಯೂಯೆಜ್, ಮೊಂ ವಾಂತೂ, ತೂರ್ಮಲೆ ಈ ಹೆಸರಾಂತ ಏರುಗಳು ಪ್ರತಿ ವರ್ಷ ಬರುವುದಿಲ್ಲ. ಬಂದಾಗ ಬಿಡಬಾರದು. 2026ರ ಪಟ್ಟಿಯಲ್ಲಿ ಆಲ್ಪ್ ದ್ಯೂಯೆಜ್ ಜುಲೈ 24 ಮತ್ತು 25, ಸತತ ಎರಡು ದಿನ ಬಂದಾಗ ನನ್ನ ಸೈಕಲ್ ಗುಂಪಿನಲ್ಲಿ ಅರ್ಧ ಜನರಿಗೆ ಆ ರಾತ್ರಿ ನಿದ್ದೆ ಇರಲಿಲ್ಲ.

ಬೆಟ್ಟ ಬೇಡ, ಮಂಡಿ ನೋವು ಅನ್ನುವವರು ಟೈಮ್ ಟ್ರಯಲ್ ದಿನ ಆರಿಸಿಕೊಳ್ಳಿ. ಸವಾರರು ಒಬ್ಬರಾದ ಮೇಲೆ ಒಬ್ಬರು ಹೊರಡುತ್ತಾರೆ. ಒಂದೇ ಜಾಗದಲ್ಲಿ ಕೂತು ಗಂಟೆಗಟ್ಟಲೆ ನೋಡಬಹುದು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಪ್ಯಾರಿಸ್‌ನ ಕೊನೆಯ ದಿನವೂ ಸರಿ. 1975ರಿಂದ ಶಾಂಜೆಲಿಜೆ ಬೀದಿಯಲ್ಲಿ ರೇಸು ಸುತ್ತು ಹೊಡೆಯುತ್ತದೆ, ಹಾಗಾಗಿ ಮತ್ತೆ ಮತ್ತೆ ಕಾಣುತ್ತದೆ. ಆದರೆ ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. 2024ರಲ್ಲಿ ಒಲಿಂಪಿಕ್ಸ್ ಅಂತ ರೇಸು ನೀಸ್ ನಗರದಲ್ಲಿ ಮುಗಿಯಿತು. ಅಭ್ಯಾಸಬಲದಿಂದ ಪ್ಯಾರಿಸ್ ಹೋಟೆಲ್ ಬುಕ್ ಮಾಡಿದವರು ಐಫೆಲ್ ಟವರ್ ನೋಡಿಕೊಂಡು ಬಂದರು.

ಹಂತ 2: ವಿಮಾನಕ್ಕಿಂತ ಮೊದಲು ರೂಮು

ನಮ್ಮವರು ಮೊದಲು ಟಿಕೆಟ್ ಅಗ್ಗವಿದೆಯಾ ಎಂದು ನೋಡುತ್ತಾರೆ. ತಲೆಕೆಳಗು. ವಿಮಾನದಲ್ಲಿ ಸೀಟು ಯಾವಾಗಲೂ ಸಿಗುತ್ತದೆ, ಬೆಟ್ಟದ ಬುಡದ ಸಣ್ಣ ಊರಿನಲ್ಲಿ ರೂಮು ಸಿಗುವುದಿಲ್ಲ. ಆಲ್ಪ್ ದ್ಯೂಯೆಜ್ ಆದರೆ ಬುಡದ ಊರು ಬೂರ್ ದ್ವಾಸಾನ್. ಮಾರ್ಗ ಪ್ರಕಟವಾದ ವಾರದಲ್ಲೇ, ಪುಕ್ಕಟೆ ಕ್ಯಾನ್ಸಲ್ ಮಾಡಬಹುದಾದ ರೂಮು ಹಿಡಿದುಬಿಡಿ. ಸ್ಟೇಜ್‌ನ ಹಿಂದಿನ ಎರಡು ರಾತ್ರಿ, ಸ್ಟೇಜ್ ದಿನದ ರಾತ್ರಿ, ಮೂರೂ ಅಲ್ಲೇ. ಹೋಟೆಲ್ ಇಲ್ಲದಿದ್ದರೆ ಕ್ಯಾಂಪಿಂಗ್ ಮೈದಾನಗಳಿವೆ. "ಗ್ರೆನೋಬ್ಲ್‌ನಲ್ಲಿ ಉಳಿದು ಬೆಳಿಗ್ಗೆ ಹೋಗ್ತೀವಿ, ಬರೀ 50 ಕಿ.ಮೀ. ಅಲ್ವಾ" ಅನ್ನುವವರಿಗೆ ಉತ್ತರ: ಆ ದಿನ ರಸ್ತೆ ನಿಮ್ಮದಲ್ಲ, ರೇಸಿನದ್ದು.

ಒಂದು ಎಚ್ಚರಿಕೆ. ರಸ್ತೆ ಬದಿಯಲ್ಲಿ ನಿಂತು ಟೂರ್ ನೋಡಲು ಟಿಕೆಟ್ ಇಲ್ಲ. ನೂರು ವರ್ಷಕ್ಕೂ ಹಿಂದೆ, 1903ರಲ್ಲಿ, ಪತ್ರಿಕೆಯೊಂದರ ಮಾರಾಟ ಹೆಚ್ಚಿಸಲು ಶುರುವಾದ ರೇಸಿದು. ಇಂದಿಗೂ ರಸ್ತೆ ಬದಿ ಪುಕ್ಕಟೆ. ಅಲ್ಲಿ ನಿಲ್ಲಲು "ಎಂಟ್ರಿ ಪಾಸ್" ಮಾರುವವನು ಮೋಸಗಾರ. ವಿಐಪಿ ಪ್ಯಾಕೇಜ್ ನಿಜಕ್ಕೂ ಇದೆ. ಟೆಂಟು, ಊಟ, ವೈನು ಎಲ್ಲ ಕೊಡುತ್ತಾರೆ. ನನ್ನ ಪ್ರಕಾರ ದುಡ್ಡು ದಂಡ.

ಹಂತ 3: ವೀಸಾ

ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಜುಲೈ ಪ್ರಯಾಣಕ್ಕೆ ಮಾರ್ಚ್‌ನಲ್ಲೇ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಬೇಸಿಗೆ ರಜೆ ಬಂತೆಂದರೆ ಸ್ಲಾಟು ಸಿಗುವುದಿಲ್ಲ. ಶುಲ್ಕ 90 ಯೂರೋ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. 2026ರಂತೆ ರೇಸು ಬಾರ್ಸಿಲೋನಾದಲ್ಲಿ ಶುರುವಾದರೂ ನೀವು ಆಲ್ಪ್ಸ್‌ನಲ್ಲೇ ಹೆಚ್ಚು ದಿನ ಉಳಿಯುವುದಾದರೆ ಫ್ರಾನ್ಸ್‌ಗೇ ಹಾಕಬೇಕು.

ಅರ್ಜಿಯ ಹಿಂದಿನ ವಾರ ಮಾವನ ಹತ್ತಿರ ಐದು ಲಕ್ಷ ಹಾಕಿಸಿಕೊಂಡು ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸುವ ಚಾಳಿ ಬಿಡಿ, ನೋಡಿದ ತಕ್ಷಣ ಗೊತ್ತಾಗುತ್ತದೆ. ಸುಳ್ಳು ಹೋಟೆಲ್ ಬುಕಿಂಗ್ ಮಾಡಿಕೊಡುವ ಏಜೆಂಟರಿದ್ದಾರೆ. ಅಂಥವರೊಬ್ಬರಿಗೆ ನಾನೇ ಒಮ್ಮೆ ಮೂರು ಸಾವಿರ ಕೊಟ್ಟು, ಅರ್ಜಿಯಲ್ಲಿ ಒಂದು ಊರು, ಬುಕಿಂಗ್‌ನಲ್ಲಿ ಇನ್ನೊಂದು ಊರು ಬಂದು ಕೌಂಟರಿನಲ್ಲಿ ಬೆವರಿದ್ದೇನೆ. ನಿಜವಾದ ರೂಮು ಹಂತ 2ರಲ್ಲೇ ಹಿಡಿದಿದ್ದೀರಲ್ಲ, ಅದನ್ನೇ ಕೊಡಿ.

ಹಂತ 4: ತಲುಪುವುದು

ಬೆಂಗಳೂರಿನಿಂದ ಪ್ಯಾರಿಸ್, ಗಾರ್ ದ ಲಿಯೋನ್ ನಿಲ್ದಾಣದಿಂದ ಟಿಜಿವಿ ಎಂಬ ವೇಗದ ರೈಲು, ಸುಮಾರು ಮೂರು ಗಂಟೆಗೆ ಗ್ರೆನೋಬ್ಲ್, ಅಲ್ಲಿಂದ ಬಸ್ಸು. ಸ್ಟೇಜ್‌ಗಿಂತ ಎರಡು ದಿನ ಮುಂಚೆಯೇ ಊರು ಸೇರಿಕೊಳ್ಳಿ.

ಸ್ವಂತ ಸೈಕಲ್ ವಿಮಾನಕ್ಕೆ ಹಾಕಬೇಡಿ. ಬೂರ್ ದ್ವಾಸಾನ್‌ನಲ್ಲಿ ಒಳ್ಳೆ ಸೈಕಲ್ಲೇ ಬಾಡಿಗೆಗೆ ಸಿಗುತ್ತವೆ. ಮೊದಲೇ ಹೇಳಿಟ್ಟು, ರೇಸಿಗೆ ಎರಡು ದಿನ ಮುಂಚೆ ನೀವೇ ಹತ್ತಿ ನೋಡಿ. 13.8 ಕಿ.ಮೀ., ಸರಾಸರಿ ಶೇ 8ರ ಏರು. ನಂದಿ ಬೆಟ್ಟದ ಏರಿಗೆ ಹೆಚ್ಚುಕಡಿಮೆ ಎರಡರಷ್ಟು ಉದ್ದ. ನಂದಿ ಹತ್ತಿದ ಜಂಬ ಮೊದಲ ಎರಡು ಕಿ.ಮೀ.ನಲ್ಲೇ ಇಳಿಯುತ್ತದೆ, ಕಡಿದಾದ ಭಾಗ ಅಲ್ಲೇ ಇರುವುದು.

ಹಂತ 5: ಬೆಟ್ಟದ ದಿನ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಹಿಂದಿನ ರಾತ್ರಿ ಎರಡು ವಿಷಯ ತಿಳಿದುಕೊಂಡು ಮಲಗಿ. ಒಂದು, ರಸ್ತೆ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ. ಇದನ್ನು ಸ್ಥಳೀಯ ಆಡಳಿತ ಪ್ರಕಟಿಸುತ್ತದೆ, ಹೋಟೆಲಿನವರನ್ನು ಕೇಳಿದರೂ ಹೇಳುತ್ತಾರೆ. ದೊಡ್ಡ ಬೆಟ್ಟಗಳಲ್ಲಿ ಕಾರುಗಳಿಗೆ ಹಿಂದಿನ ದಿನವೇ ಬಂದ್ ಮಾಡುವುದುಂಟು. ಎರಡು, ವೇಳಾಪಟ್ಟಿ. ರೇಸಿನ ಅಧಿಕೃತ ವೆಬ್‌ಸೈಟಿನಲ್ಲಿ ಪ್ರತಿ ಊರು, ಪ್ರತಿ ಏರಿಗೆ ಸವಾರರು ಬರುವ ಸಮಯ ಇರುತ್ತದೆ. ವೇಗಕ್ಕೆ ತಕ್ಕಂತೆ ಮೂರು ಸಾಲು: ನಿಧಾನ, ಮಧ್ಯಮ, ಜೋರು. ನಮ್ಮವರು ಮಧ್ಯದ ಸಾಲು ನೋಡಿ ಹೊರಡುತ್ತಾರೆ. ನೀವು ಜೋರು ಸಾಲನ್ನೇ ನಂಬಿ. ಇದರ ಸ್ಕ್ರೀನ್‌ಶಾಟ್ ತೆಗೆದಿಡಿ. ಲಕ್ಷಗಟ್ಟಲೆ ಜನ ಸೇರಿದ ಬೆಟ್ಟದಲ್ಲಿ ನೆಟ್‌ವರ್ಕ್ ಇರುತ್ತದೆ ಅಂದುಕೊಳ್ಳಬೇಡಿ.

ಬೆಳಿಗ್ಗೆ ಎಂಟಕ್ಕೆ ನಡೆದೇ ಹೊರಡಿ. ಆಲ್ಪ್ ದ್ಯೂಯೆಜ್‌ಗೆ 21 ಹಿಮ್ಮುರಿ ತಿರುವು, ಪ್ರತಿಯೊಂದಕ್ಕೂ ಬೋರ್ಡು, ಬೋರ್ಡಿನ ಮೇಲೆ ಅಲ್ಲಿ ಗೆದ್ದವರ ಹೆಸರು. ನಂಬರು ಕೆಳಗಿನಿಂದ ಇಳಿಮುಖ: ಬುಡದಲ್ಲಿ 21, ತುದಿಯಲ್ಲಿ 1. ಹೊಸಬರು 7ನೇ ತಿರುವಿಗೇ ಹೋಗಬೇಕು ಅಂತ ಹಟ ಹಿಡಿಯುತ್ತಾರೆ. ಅದು ಡಚ್ಚರ ತಿರುವು, ನೆದರ್ಲೆಂಡ್ಸ್ ಅಭಿಮಾನಿಗಳ ಅಡ್ಡಾ. ಎಲ್ಲೆಲ್ಲೂ ಕಿತ್ತಳೆ ಬಣ್ಣ, ಡಿಜೆ ಸದ್ದು, ಬಿಯರು. ನೋಡಲು ಚೆಂದ, ಆದರೆ ಮುಂದಿನ ಸಾಲಿನಲ್ಲಿ ಜಾಗ ಸಿಗುವುದಿಲ್ಲ, ಮಕ್ಕಳಿದ್ದರಂತೂ ಬೇಡವೇ ಬೇಡ. ಬೆಳಿಗ್ಗೆ ಅದನ್ನೊಮ್ಮೆ ನೋಡಿಬರುವ ಕಾಲಿದ್ದರೆ ನೋಡಿ, ಆದರೆ ನಿಲ್ಲುವುದು ಕೆಳಗೆ, 16ನೇ ತಿರುವಿನ ಲಾ ಗಾರ್ದ್ ಹಳ್ಳಿಯ ಆಸುಪಾಸಿನಲ್ಲಿ. ಊರಿನಿಂದ ಒಂದೂವರೆ ಗಂಟೆ ನಡಿಗೆ. ಕಡಿದಾದ ಭಾಗ ಮುಗಿಯುವ ಜಾಗ. ಗುಂಪಿನಿಂದ ಮೊದಲು ಉದುರುವವರು ಯಾರು ಎಂದು ಅಲ್ಲೇ ಗೊತ್ತಾಗುತ್ತದೆ.

ತಿರುವಿನಲ್ಲೇ ನಿಲ್ಲಬೇಡಿ, ತಿರುವು ದಾಟಿ ಮೂವತ್ತು ಹೆಜ್ಜೆ ಮೇಲೆ ನಿಲ್ಲಿ. ತಿರುವಿನಲ್ಲಿ ರಸ್ತೆ ಸ್ವಲ್ಪ ಸಪಾಟಾಗುತ್ತದೆ, ಸವಾರರು ವೇಗ ಹಿಡಿಯುತ್ತಾರೆ. ಮೇಲೆ ನಿಂತರೆ ಕೆಳಗಿನ ರಸ್ತೆಯಲ್ಲಿ ಬರುವವರು ಮೊದಲು ಕಾಣುತ್ತಾರೆ, ಆಮೇಲೆ ಪಕ್ಕದಲ್ಲೇ ಹಾದು ಹೋಗುತ್ತಾರೆ. ಎರಡು ಸಲ ನೋಡಿದ ಹಾಗೆ.

ಬ್ಯಾಗಿನಲ್ಲಿ ತಲಾ ಮೂರು ಲೀಟರ್ ನೀರು, ಟೋಪಿ, ಸನ್‌ಸ್ಕ್ರೀನ್, ಗಟ್ಟಿ ರೈನ್‌ಕೋಟು. ಇಪ್ಪತ್ತು ರೂಪಾಯಿಯ ತೆಳು ಪ್ಲಾಸ್ಟಿಕ್ ರೈನ್‌ಕೋಟು ಬೇಡ, ಬೆಟ್ಟದ ಮೊದಲ ಗಾಳಿಗೇ ಹರಿಯುತ್ತದೆ. ಜುಲೈಯಲ್ಲಿ ಎಲ್ಲಿಯ ಮಳೆ ಅನ್ನಬೇಡಿ. 2019ರಲ್ಲಿ ಆಲ್ಪ್ಸ್‌ನ ಟೀನ್ಯ್ ಊರಿಗೆ ಹೋಗುವ ಸ್ಟೇಜನ್ನು ಆಲಿಕಲ್ಲು ಮಳೆ, ಮಣ್ಣು ಕುಸಿತದಿಂದ ನಡುವೆಯೇ ನಿಲ್ಲಿಸಿದರು. 2016ರಲ್ಲಿ ಮೊಂ ವಾಂತೂ ತುದಿಯಲ್ಲಿ ಬಿರುಗಾಳಿ ಅಂತ ಮುಕ್ತಾಯದ ಗೆರೆಯನ್ನೇ ಕೆಳಕ್ಕೆ ತಂದರು. 2025ರಲ್ಲಿ ಒಂದು ಏರಿನ ಬಳಿ ದನಗಳಿಗೆ ಚರ್ಮಗಂಟು ರೋಗ ಬಂದು ಮಾರ್ಗವನ್ನೇ ಕತ್ತರಿಸಿದರು. ನಮ್ಮ ರೈತರನ್ನು ಕಾಡಿದ ಅದೇ ರೋಗ. ಹಾಗಾಗಿ ಬೆಳಿಗ್ಗೆ ಹೊರಡುವ ಮುನ್ನ ಸುದ್ದಿ ನೋಡಿಯೇ ಹೊರಡಿ.

ಊಟಕ್ಕೆ ಚಪಾತಿ, ಚಟ್ನಿಪುಡಿ, ಕೋಡುಬಳೆ ನಡೆಯುತ್ತದೆ. ಧಾರವಾಡ ಪೇಡಾ ಮನೆಯಲ್ಲೇ ಬಿಡಿ. ಹಾಲಿನ ಪದಾರ್ಥ, ಮಾಂಸ ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ.

ಸವಾರರಿಗಿಂತ ಸುಮಾರು ಎರಡು ಗಂಟೆ ಮುಂಚೆ ಕ್ಯಾರವಾನ್ ಬರುತ್ತದೆ. ಕಂಪನಿಗಳ ಅಲಂಕಾರದ ಗಾಡಿಗಳ ಮೆರವಣಿಗೆ ಅದು, 1930ರಿಂದ ಇದೆ. ನಾವು ತೇರಿಗೆ ಬಾಳೆಹಣ್ಣು ಎಸೆಯುತ್ತೇವೆ, ಇಲ್ಲಿ ತೇರೇ ನಮ್ಮ ಮೇಲೆ ಎಸೆಯುತ್ತದೆ: ಟೋಪಿ, ಕೀ ಚೈನು, ಮಿಠಾಯಿ. ಸಸ್ಯಾಹಾರಿಗಳು ಸಣ್ಣ ಪೊಟ್ಟಣಗಳನ್ನು ನೋಡಿ ಬಾಯಿಗೆ ಹಾಕಿಕೊಳ್ಳಿ. ಅದರಲ್ಲಿ ಹಂದಿ ಮಾಂಸದ ಸಾಸೇಜೂ ಇರುತ್ತದೆ. ಬಿದ್ದ ಟೋಪಿಗಾಗಿ ಗಾಡಿಯ ಚಕ್ರದ ಹತ್ತಿರ ಬಗ್ಗಬೇಡಿ.

ಮೊದಲು ಹೆಲಿಕಾಪ್ಟರ್ ಸದ್ದು ಕೇಳುತ್ತದೆ. ಆಮೇಲೆ ಪೊಲೀಸ್ ಬೈಕುಗಳು, ರೇಸಿನ ನಿರ್ದೇಶಕರ ಕೆಂಪು ಕಾರು, ಸವಾರರು. ಈ ಹೊತ್ತಿಗೆ ಫೋನು ಜೇಬಿನಲ್ಲಿರಲಿ. ಸೆಲ್ಫಿಗೆ ರಸ್ತೆಗೆ ಬೆನ್ನು ಹಾಕಿ ನಿಂತವರಿಂದಲೇ ಅಪಘಾತಗಳಾಗಿವೆ. 2021ರ ಮೊದಲ ಸ್ಟೇಜ್‌ನಲ್ಲಿ ಕ್ಯಾಮೆರಾದತ್ತ ನೋಡುತ್ತ ರಟ್ಟಿನ ಬೋರ್ಡು ಹಿಡಿದು ರಸ್ತೆಗೆ ಚಾಚಿದ ಒಬ್ಬರಿಂದ ಸಾಲುಗಟ್ಟಲೆ ಸವಾರರು ಬಿದ್ದರು. ಪಕ್ಕದಲ್ಲಿ ಓಡುವುದು, ಬೆನ್ನು ತಳ್ಳುವುದು, ನೀರು ಎರಚುವುದು ಯಾವುದೂ ಬೇಡ.

ಮುಂದಿನ ಹತ್ತು ಮಂದಿ ಹೋದ ಕೂಡಲೇ ಜನ ಇಳಿಯಲು ಶುರು ಮಾಡುತ್ತಾರೆ. ದಯವಿಟ್ಟು ಇಳಿಯಬೇಡಿ. ಒಳ್ಳೆಯದು ಇನ್ನೂ ಬರಬೇಕು. ಸಮತಟ್ಟು ರಸ್ತೆಯ ಕೊನೆಯ ಓಟದಲ್ಲಿ ಜೋರು, ಬೆಟ್ಟದಲ್ಲಿ ಏದುಸಿರು ಬಿಡುವ ದೊಡ್ಡ ಮೈಯ ಸ್ಪ್ರಿಂಟರ್‌ಗಳು ಕೊನೆಯಲ್ಲಿ ಒಟ್ಟಾಗಿ ಬರುತ್ತಾರೆ. ಅವರಿಗೆ ಗೆಲುವು ಬೇಕಿಲ್ಲ, ನಿಗದಿತ ಸಮಯದೊಳಗೆ ಮುಟ್ಟದಿದ್ದರೆ ರೇಸಿನಿಂದಲೇ ಹೊರಗೆ. ಅವರ ಮುಖ ನೋಡಲಿಕ್ಕೆಂದೇ ನಾನು ಹೋಗುವುದು. ಎಲ್ಲರ ಹಿಂದೆ ಒಂದು ವ್ಯಾನು ಬರುತ್ತದೆ, ಅದನ್ನು ಪೊರಕೆ ಗಾಡಿ ಅನ್ನುತ್ತಾರೆ. ಕೈಚೆಲ್ಲಿದವರನ್ನು ಗುಡಿಸಿಕೊಂಡು ಹೋಗುವುದು ಅದರ ಕೆಲಸ. ಅದು ದಾಟಿದ ಮೇಲೆಯೇ ರಸ್ತೆಗೆ ಇಳಿಯಿರಿ.

ಹಂತ 6: ಇಳಿಯುವುದು

ನಡೆದೇ ಇಳಿಯಿರಿ, ಅಂಚಿನಲ್ಲೇ. ಹತ್ತಿದ್ದಕ್ಕಿಂತ ಮಂಡಿಗೆ ಇದೇ ಜಾಸ್ತಿ ನೋವು. ಮೇಲಿರುವ ಸಾವಿರಾರು ಕಾರು, ವ್ಯಾನುಗಳು ಒಂದೇ ರಸ್ತೆಯಲ್ಲಿ ಇಳಿಯಬೇಕು, ಅವರಿಗೆ ರಾತ್ರಿಯಾಗುತ್ತದೆ. ಕತ್ತಲಾಗುವುದು ಒಂಬತ್ತೂವರೆ ಸುಮಾರಿಗೆ, ಹಾಗಾಗಿ ನಿಮಗೆ ಗಾಬರಿ ಬೇಡ. ಊರಿನ ಹೋಟೆಲುಗಳಲ್ಲಿ ಆ ರಾತ್ರಿ ಟೇಬಲ್ ಸಿಗುವುದಿಲ್ಲ. ಬೆಳಿಗ್ಗೆಯೇ ಬ್ರೆಡ್ಡು, ಹಣ್ಣು ತಂದು ರೂಮಿನಲ್ಲಿ ಇಟ್ಟಿರಿ.

ಜುಲೈಯಲ್ಲಿ ರೂಮೇ ಸಿಗಲಿಲ್ಲವೇ? ಮಹಿಳೆಯರ ಟೂರ್ ನೋಡಿ. 2022ರಿಂದ ಹೊಸದಾಗಿ ನಡೆಯುತ್ತಿದೆ. 2024ರಲ್ಲಿ ಅದು ಇದೇ ಆಲ್ಪ್ ದ್ಯೂಯೆಜ್ ಮೇಲೆ ಮುಗಿದಾಗ ಒಟ್ಟು ವಿಜೇತೆಗೂ ಎರಡನೆಯವರಿಗೂ ಇದ್ದ ಅಂತರ ಬರೀ 4 ಸೆಕೆಂಡ್. ನಾನಂತೂ ಹೊಸಬರಿಗೆ ಅದನ್ನೇ ಮೊದಲು ಹೇಳುವುದು.

ಮತ್ತೆ, ಮರುದಿನ ಮಧ್ಯಾಹ್ನಕ್ಕಿಂತ ಮುಂಚಿನ ರೈಲಿಗೆ ಟಿಕೆಟ್ ತಗೋಬೇಡಿ. ಕಾಲು ಏಳುವುದಿಲ್ಲ.