ಟ್ರಿಪ್ ಮಿತಿ ಏರಿಸದೆ ಸುಳ್ಳು ಟ್ರಿಪ್ ನಿಲ್ಲಿಸಿದ್ದು: ನನ್ನ ಅನುಭವ

ಸ್ಪ್ರಿಂಗ್ ಮೇಲೆ ಕೂತ ಐಡಿ ಫ್ಯಾನಿಗೆ (ಬಾಯ್ಲರ್ ಹೊಗೆ ಎಳೆಯುವ ಫ್ಯಾನ್) ವೈಬ್ರೇಶನ್ ಟ್ರಿಪ್, ಅಂದರೆ ನಡುಕ ಮೀರಿದರೆ ಫ್ಯಾನ್ ತಾನೇ ನಿಲ್ಲುವ ಮಿತಿ, ಸೆಕೆಂಡಿಗೆ 8.5 ಮಿಮೀ ಸಾಕು ಅಂದಾಗ ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ಅಕ್ಕಿ ಮಿಲ್ ಫಿಟ್ಟರ್‌ಗಳು ಯಾರೂ ಒಪ್ಪಲಿಲ್ಲ. ‘15ಕ್ಕೆ ಇಡಿ, ಇಲ್ಲಾ ವೈರ್ ಕಿತ್ತು ಹಾಕಿ’ ಅಂದರು. ಸುಗ್ಗಿ, ಬೇಸಿಗೆ ಎರಡೂ ಹಂಗಾಮು ದಾಟಿತು. ಮಿತಿ 8.5ರಲ್ಲೇ ಇದೆ, ಕಾರಣವಿಲ್ಲದೆ ನಿಲ್ಲುವ ಸುಳ್ಳು ಟ್ರಿಪ್ ಒಂದೂ ಇಲ್ಲ.

ಭತ್ತದ ಹೊಟ್ಟು ಉರಿಸುವ ಬಾಯ್ಲರ್. ಫ್ಯಾನ್ 60 ಎಚ್‌ಪಿ, ಸುಮಾರು 1480 ಆರ್‌ಪಿಎಂ, 22218 ಬೇರಿಂಗ್. ಸೆನ್ಸರ್ 0–25 ಮಿಮೀ/ಸೆಕೆಂಡ್ ಅಳತೆಯದು, ಅದಕ್ಕೆ ತಕ್ಕಂತೆ 4–20 ಮಿಲಿಆಂಪ್ ಕರೆಂಟ್ ಕಳಿಸುತ್ತದೆ. ಹಾಗಾಗಿ 8.5 ಅಂದರೆ ಪ್ಯಾನೆಲ್‌ನಲ್ಲಿ 9.44 ಮಿಲಿಆಂಪ್.

15 ಏಕೆ ಬೇಡ? ಈ ವೇಗದಲ್ಲಿ 15 ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಅಂದರೆ ಬೇರಿಂಗ್ ಮನೆ ಆ ತುದಿಯಿಂದ ಈ ತುದಿಗೆ ಕಾಲು ಮಿಲಿಮೀಟರ್‌ಗೂ ಹೆಚ್ಚು ಆಡುತ್ತಿದೆ. ಐಎಸ್‌ಒ 10816-3ರಲ್ಲಿ (ಯಂತ್ರದ ನಡುಕದ ಮಾನದಂಡ, 2022ರಲ್ಲಿ ಅದರ ಜಾಗಕ್ಕೆ 20816-3 ಬಂತು) ಸ್ಪ್ರಿಂಗ್ ಮೇಲಿನ ಈ ಗಾತ್ರದ ಯಂತ್ರಕ್ಕೆ 7.1 ದಾಟಿದರೆ ಅಪಾಯದ ವಲಯ. ಟ್ರಿಪ್ ಅದರ ಒಂದೂಕಾಲು ಪಟ್ಟು, ಅಂದರೆ 8.9 ಮೀರಬಾರದು. ಅಲಾರಂಗೆ ನಿಮ್ಮ ಯಂತ್ರದ ಮಾಮೂಲಿ ಓದಿಗೆ 4.5ರ (ಅದೇ ಮಾನದಂಡದಲ್ಲಿ ದೀರ್ಘಕಾಲ ಓಡಿಸಬಹುದಾದ ಮಿತಿ) ಕಾಲುಭಾಗ ಸೇರಿಸಿ. ನಮ್ಮದು 3.2 ಓದುತ್ತಿತ್ತು, ಅಲಾರಂ 4.3ಕ್ಕೆ ಕೂತಿತು.

ಸುಳ್ಳು ಟ್ರಿಪ್ ಬರುತ್ತಿದ್ದದ್ದು ಶುರು ಮಾಡುವಾಗ. ಸ್ಪ್ರಿಂಗ್ ಸುಮಾರು 25 ಮಿಮೀ ಕುಗ್ಗಿ ಕೂತಿದ್ದರೆ ಅದರ ಸ್ವಂತ ಕಂಪನ ಸೆಕೆಂಡಿಗೆ ಮೂರು ಚಿಲ್ಲರೆ ಸಲ. ಫ್ಯಾನ್ 190 ಆರ್‌ಪಿಎಂ ಆಸುಪಾಸು ದಾಟುವಾಗ ಇಡೀ ಫ್ರೇಮ್ ಕುಣಿಯುತ್ತದೆ, ಅಕ್ಕಪಕ್ಕ ವಾಲಾಡುವುದು 350ರವರೆಗೂ ಇರುತ್ತದೆ. ಸ್ಟಾರ್–ಡೆಲ್ಟಾ ಸ್ಟಾರ್ಟರ್‌ನಲ್ಲಿ (ಮೋಟಾರನ್ನು ಎರಡು ಹಂತದಲ್ಲಿ ಶುರು ಮಾಡುವುದು) ಪೂರ್ತಿ ವೇಗಕ್ಕೆ 18–20 ಸೆಕೆಂಡ್. ಅದಕ್ಕೇ ಮೊದಲ 40 ಸೆಕೆಂಡ್ 8.5ರ ಟ್ರಿಪ್‌ಗೆ ತಡೆ ಕೊಟ್ಟೆ. ಆದರೆ 18ರ ಎರಡನೇ ಮಿತಿ, ಅರ್ಧ ಸೆಕೆಂಡ್ ವಿಳಂಬದ್ದು, ಆಗಲೂ ಜೀವಂತ. ಬ್ಲೇಡ್ ತುಂಡಾದರೆ ಕಾಯುವ ಮಾತಿಲ್ಲ. ಓಡುವಾಗ 8.5ಕ್ಕೆ 3 ಸೆಕೆಂಡ್, ಅಲಾರಂಗೆ 10 ಸೆಕೆಂಡ್. ಕಲ್ಲುಕ್ವಾರಿ ಸ್ಫೋಟದ ನಡುಕ ಅಷ್ಟರಲ್ಲಿ ಮುಗಿದಿರುತ್ತದೆ. ವೇಗ ಬದಲಿಸುವ ಡ್ರೈವ್ ಇದ್ದವರು ಫ್ರೇಮ್ ಕುಣಿಯುವ ಆ ವೇಗದಲ್ಲಿ ಫ್ಯಾನ್ ನಿಲ್ಲದೆ ದಾಟಿಹೋಗುವಂತೆ ಸ್ಕಿಪ್ ಫ್ರೀಕ್ವೆನ್ಸಿ ಹಾಕಿಕೊಳ್ಳಿ. 

ಇದೆಲ್ಲಕ್ಕಿಂತ ಮೊದಲು ಸ್ಪ್ರಿಂಗ್ ನೋಡಬೇಕು. ಯಾರೂ ನೋಡುವುದಿಲ್ಲ. ಹೊಟ್ಟಿನ ಬೂದಿ ಸುರುಳಿಗಳ ನಡುವೆ ತುಂಬಿ ಗಟ್ಟಿಯಾದರೆ, ಸ್ನಬ್ಬರ್ (ಫ್ರೇಮ್ ಅತಿಯಾಗಿ ಕುಣಿಯದಂತೆ ತಡೆಯುವ ಬೋಲ್ಟ್) ನಟ್ಟು ಬಿಗಿದಿದ್ದರೆ, ಫ್ಯಾನಿನ ಓದು 3.2ರಿಂದ 2ಕ್ಕೆ ಇಳಿಯುತ್ತದೆ. ಎಲ್ಲರೂ ಖುಷಿಪಡುತ್ತಾರೆ. ನಿಜಕ್ಕೂ ಸ್ಪ್ರಿಂಗ್ ಸತ್ತಿದೆ, ಹೊಡೆತವೆಲ್ಲ ಫೌಂಡೇಶನ್‌ಗೆ ಇಳಿಯುತ್ತಿದೆ. ಆ ಸುಳ್ಳು ಓದಿನ ಮೇಲೆ ಅಲಾರಂ ಕಟ್ಟಿದರೆ ಸ್ಪ್ರಿಂಗ್ ಬಿಡಿಸಿದ ದಿನವೇ ಕೂಗುತ್ತದೆ. ಸ್ನಬ್ಬರ್ ಸಂದು ಸುಮಾರು 6 ಮಿಮೀ, ನಾಲ್ಕೂ ಮೂಲೆಯ ಎತ್ತರದಲ್ಲಿ ವ್ಯತ್ಯಾಸ 2 ಮಿಮೀ ಒಳಗೆ. ಡಕ್ಟ್‌ನ ಬೆಲ್ಲೋ (ಫ್ಯಾನಿಗೆ ಸೇರುವ ಮೆತ್ತನೆ ಜೋಡಣೆ) ಬಿಗಿಯಾಗಿದ್ದರೂ ಇದೇ ಕಥೆ. ನಾನು 2.2 ಕೆಳಗೂ ಒಂದು ಎಚ್ಚರಿಕೆ ದೀಪ ಇಟ್ಟಿದ್ದೇನೆ. ಅದನ್ನು ಬೇರೆಲ್ಲೂ ಕಂಡಿಲ್ಲ.

ಸ್ಪ್ರಿಂಗ್ ತೆಗೆದು ರಬ್ಬರ್ ಪ್ಯಾಡ್ ಹಾಕಿಯೂ ನೋಡಿದ್ದಾಯಿತು. ಬಾಯ್ಲರ್ ಶಾಖಕ್ಕೆ ರಬ್ಬರ್ ಗಟ್ಟಿಯಾಯಿತು, ಆರೇಳು ಸಾವಿರ ದಂಡ. ಸೆನ್ಸರನ್ನು ಮ್ಯಾಗ್ನೆಟ್‌ನಲ್ಲಿ ಅಂಟಿಸಿದ್ದೂ ಉಳಿಯಲಿಲ್ಲ, ಬೂದಿ ಸೇರಿ ಜಾರಿತು. ಬೇರಿಂಗ್ ಮನೆಯಾದ ಪ್ಲಮರ್ ಬ್ಲಾಕ್‌ಗೆ ಎಂ8 ತೂತು ಹೊಡೆದು ಸ್ಟಡ್ ಹಾಕಿದರೇ ನಂಬಿಕೆ. ಬೆಲ್ಟ್ ಗಾರ್ಡ್ ಮೇಲೆ ಕೂರಿಸಿದರೆ ಅದು ತಗಡಿನ ಕಂಪನವನ್ನೇ ಅಳೆಯುತ್ತದೆ.

ಖರ್ಚು: ಸೆನ್ಸರ್ ಎರಡು, ಕೇಬಲ್, ರಿಲೇ ಸೇರಿ 40–45 ಸಾವಿರ. ಸ್ಥಳದಲ್ಲೇ ಬ್ಯಾಲೆನ್ಸಿಂಗ್ ಮಾಡಿಸಿದರೆ ಸಲಕ್ಕೆ ಏಳೆಂಟು ಸಾವಿರ. ಹೊಟ್ಟಿನ ಬೂದಿಯ ಸಿಲಿಕಾ ಬ್ಲೇಡ್ ತುದಿ ಸವೆಸುತ್ತದೆ, ಹಾಗಾಗಿ ಆ ಖರ್ಚು ತಪ್ಪಿದ್ದಲ್ಲ. ಆದರೆ ಸ್ಟೀಮ್ ನಿಂತು, ಬೇಯಿಸಲೆಂದು ತೊಟ್ಟಿಯಲ್ಲಿ ನೆನೆಸಿದ ಭತ್ತ ಹುಳಿ ವಾಸನೆ ಹೊಡೆದರೆ ಒಂದೇ ರಾತ್ರಿಗೆ ಇದಕ್ಕಿಂತ ಹೆಚ್ಚು ಹೋಗುತ್ತದೆ.

ಕೊನೆಗೆ ಸೆನ್ಸರ್ ಬದಲು ಕರೆಂಟ್ ಕೊಡುವ ಲೂಪ್ ಕ್ಯಾಲಿಬ್ರೇಟರ್‌ನಿಂದ 9.5 ಮಿಲಿಆಂಪ್ ಕೊಟ್ಟು ಟ್ರಿಪ್ ಮಾಡಿಸಿ ನೋಡಿ. ಐಡಿ ನಿಂತ ಕೂಡಲೇ ಎಫ್‌ಡಿ ಫ್ಯಾನ್ (ಒಲೆಗೆ ಗಾಳಿ ತಳ್ಳುವುದು), ಹೊಟ್ಟಿನ ಫೀಡರ್ ಎರಡೂ ನಿಲ್ಲಬೇಕು. ಇಲ್ಲದಿದ್ದರೆ ಒಲೆಯ ಬೆಂಕಿ ಫೀಡ್ ಬಾಗಿಲಿನಿಂದ ಕೆಲಸಗಾರನ ಮುಖಕ್ಕೆ ಬರುತ್ತದೆ. ಈ ಇಂಟರ್‌ಲಾಕ್ ನೋಡದೆ ನಾನು ಯಾವ ಮಿತಿಯನ್ನೂ ಮುಟ್ಟುವುದಿಲ್ಲ.