ಅಮ್ಮನ ಹಳೇ ವಾಷಿಂಗ್ ಮಷೀನಿನ ಡ್ರೈಯರ್ ಮತ್ತೆ ತಿರುಗಿತು

ಅಮ್ಮ ಈ ಸೆಮಿ ಆಟೋಮ್ಯಾಟಿಕ್ ಮಷೀನ್ ತಗೊಂಡಿದ್ದು 1998ರಲ್ಲಿ. ಒಗೆಯೋ ಟಬ್ ಒಂದು, ಪಕ್ಕದಲ್ಲೇ ಬಟ್ಟೆ ಹಿಂಡೋ ಡ್ರೈಯರ್. ಎರಡು ವರ್ಷದಿಂದ ಡ್ರೈಯರ್ ಬರೀ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಮೋಟಾರ್ ಸುಟ್ಟಿದೆ, ಗುಜರಿಗೆ ಹಾಕಿ ಅಂದರು ರಿಪೇರಿಯವರು. ನನಗೆ ಮನಸ್ಸು ಬರಲಿಲ್ಲ. ಗುಂಯ್ ಅನ್ನುತ್ತಿದೆ ಅಂದರೆ ಮೋಟಾರಿಗೆ ಕರೆಂಟ್ ಬರುತ್ತಿದೆ ಅಂತ ತಾನೇ?

ಪ್ಲಗ್ ಕಿತ್ತು ಹಿಂದಿನ ತಗಡು ಬಿಚ್ಚಿದೆ. (ಪ್ಲಗ್ ತೆಗೆದ ಮೇಲೂ ಮೋಟಾರಿಗೆ ಜೋಡಿಸಿದ, ಕರೆಂಟ್ ಕೂಡಿಟ್ಟುಕೊಳ್ಳೋ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು, ಸುಮ್ನೆ ಕೈ ಹಾಕಬೇಡಿ.) ಕೈಯಲ್ಲಿ ತಿರುಗಿಸಿದರೆ ಡ್ರಮ್ ಅಲ್ಲಾಡಲೇ ಇಲ್ಲ. ಗುಟ್ಟು ಅಲ್ಲೇ ಇತ್ತು. ಡ್ರೈಯರ್ ಮುಚ್ಚಳ ತೆಗೆದಾಗ ಕೆಳಗಿನ ಬ್ರೇಕ್ ಹಿಡಿಯುತ್ತದೆ. ಮುಚ್ಚಿದರೆ ಒಂದು ತೆಳು ತಂತಿ ಅದನ್ನು ಎಳೆದು ಬಿಡಿಸುತ್ತದೆ. ನಮ್ಮದರಲ್ಲಿ ಆ ತಂತಿ ಸಡಿಲವಾಗಿ, ಮುಚ್ಚಳ ಹಾಕಿದರೂ ಬ್ರೇಕ್ ಕಚ್ಚಿಕೊಂಡೇ ಇತ್ತು. ತಂತಿಯನ್ನು ಒಂದು ತೂತು ಮುಂದಕ್ಕೆ ಸಿಕ್ಕಿಸಿ ಬಿಗಿ ಮಾಡಿದೆ, ಅಷ್ಟೇ.

ಒಗೆಯೋ ಟಬ್‌ನ ಕೆಲಸವೇ ಜಾಸ್ತಿ ಆಯಿತು. ಬೋರ್‌ವೆಲ್ ನೀರು ಅಲ್ವಾ, ತಳದ ಚಕ್ರ ಬಿಚ್ಚಿದರೆ ಅಡಿಯಲ್ಲಿ ಬಿಳಿ ಗಟ್ಟಿ ಪದರ. ಅದರೊಳಗೆ ನೂಲಿನ ಉಂಡೆ, ಶರ್ಟಿನ ಗುಂಡಿ, ಒಂದು ನಾಲ್ಕಾಣೆ! ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ರಾತ್ರಿಯಿಡೀ ನೆನೆಸಿದೆ. ಇದಕ್ಕೆ ಬ್ಲೀಚಿಂಗ್ ಪೌಡರ್ ಮಾತ್ರ ಸೇರಿಸಲೇಬೇಡಿ, ವಿಷಗಾಳಿ ಏಳುತ್ತದೆ. ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಪದರ ಚಕ್ಕೆ ಚಕ್ಕೆಯಾಗಿ ಎದ್ದು ಬಂತು.

ಭಾನುವಾರ ಎರಡು ಬೆಡ್‌ಶೀಟ್ ಹಾಕಿ ಡ್ರೈಯರ್ ತಿರುಗಿಸಿದೆ. ಪೈಪಿನಿಂದ ನೀರು ಸುರಿಯುವ ಸದ್ದು ಕೇಳಿ ಅಮ್ಮ ಒಲೆ ಆರಿಸಿ ಓಡಿ ಬಂದರು.